ಬುದ್ಧಿಹಲ್ಲು ತೆಗೆಸುವ ಮುನ್ನ



ಮೇಲ್ದವಡೆಯ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆಂಬ ಮಾತನ್ನು ನಮ್ಮ ಚಿಕಿತ್ಸಾಲಯದಲ್ಲಿ ನಾವು ಕೇಳದ ತಿಂಗಳಿಲ್ಲ. ಈ ಭಯದಿಂದಲೇ ಅನೇಕರು ದವಡೆ ಊದಿಕೊಂಡು ಬಾಯಿ ತೆರೆಯಲಾಗದ ಸ್ಥಿತಿಯಲ್ಲಿಯೂ ಲವಂಗದ ಎಣ್ಣೆ, ನೋವಿನ ಗುಳಿಗೆಗಳನ್ನು ನಂಬಿ ದಿನ ನೂಕುತ್ತಾರೆ. ಇನ್ನೊಂದೆಡೆ, ಇಪ್ಪತ್ತರ ಹರೆಯದ ಮಗನ ಎಕ್ಸ್‌ರೇ ಹಿಡಿದು ಬಂದು ‘ನಾಲ್ಕನ್ನೂ ಒಮ್ಮೆಲೇ ತೆಗೆಸಿಬಿಡೋಣವೇ?’ ಎಂದು ಕೇಳುವ ಪಾಲಕರೂ ಇದ್ದಾರೆ. ಹುಡುಗನಿಗೆ ನೋವಿಲ್ಲ, ಬಾವಿಲ್ಲ; ಹಲ್ಲು ಓರೆಯಾಗಿದೆ, ಅಷ್ಟೇ. ಅಂಜಿ ಕುಳಿತವರಿಗೂ ಅವಸರಪಡುವವರಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ.

ಪೂರ್ಣ ಬೆಳೆದ ಬಾಯಿಯಲ್ಲಿ 32 ಹಲ್ಲುಗಳು. ಅವುಗಳಲ್ಲಿ ಕೊನೆಯ ನಾಲ್ಕು, ಅಂದರೆ ಪ್ರತಿ ಮೂಲೆಯ ಮೂರನೆಯ ದವಡೆಹಲ್ಲುಗಳು, ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಮೂಡುತ್ತವೆ. ತಿಳಿವಳಿಕೆ ಬರುವ ವಯಸ್ಸಿನಲ್ಲಿ ಬರುವುದರಿಂದ ಅವಕ್ಕೆ ಬುದ್ಧಿಹಲ್ಲು ಎಂಬ ಹೆಸರು. ತೆಗೆಸಿದರೆ ಬುದ್ಧಿ ಕಡಿಮೆಯಾದೀತೇ ಎಂದು ನಗುತ್ತಲೇ ಕೇಳುವವರಿದ್ದಾರೆ, ಹಾಗೇನೂ ಆಗದು. ಕೆಲವರಿಗೆ ಈ ಹಲ್ಲುಗಳು ಹುಟ್ಟುವುದೇ ಇಲ್ಲ. ಕೊನೆಗೆ ಬರುವ ಈ ಅತಿಥಿಗೆ ದವಡೆಯಲ್ಲಿ ಜಾಗ ಸಾಲದಿದ್ದಾಗ ಅದು ಓರೆಯಾಗಿ ಮುಂದಿನ ಹಲ್ಲಿಗೆ ಒರಗುತ್ತದೆ, ಇಲ್ಲವೇ ಅರ್ಧ ಮೂಡಿ ನಿಲ್ಲುತ್ತದೆ, ಇಲ್ಲವೇ ಎಲುಬಿನೊಳಗೇ ಹೂತಿರುತ್ತದೆ. ತೊಂದರೆ ಹೆಚ್ಚಾಗಿ ಕೆಳದವಡೆಯ ಹಲ್ಲಿನದು.

ಅರ್ಧ ಮೂಡಿದ ಹಲ್ಲೇ ಹೆಚ್ಚು ಕಾಡುವಂಥದು. ಅದರ ಮೇಲೆ ಒಸಡಿನ ಒಂದು ಮಡಿಕೆ ಮುಚ್ಚಳದಂತೆ ಉಳಿದಿರುತ್ತದೆ. ಅದರ ಅಡಿಯಲ್ಲಿ ಅನ್ನದ ಅಗುಳು ಸಿಕ್ಕಿಕೊಂಡು ಕೊಳೆತು, ಒಸಡು ಬಾತು, ಬಾಯಿ ತೆರೆಯಲು, ನುಂಗಲು ಕಷ್ಟವಾಗುತ್ತದೆ. ಬಾತ ಒಸಡನ್ನು ಮೇಲಿನ ಹಲ್ಲು ಪ್ರತಿ ಸಲವೂ ಕಚ್ಚುವುದರಿಂದ ನೋವು ಇಮ್ಮಡಿಯಾಗುತ್ತದೆ. ಸುಶ್ರುತ ಸಂಹಿತೆಯ ನಿದಾನಸ್ಥಾನವು ಇದನ್ನೇ ಹೋಲುವ ಒಂದು ವ್ಯಾಧಿಯನ್ನು ‘ಅಧಿಮಾಂಸ’ವೆಂದು ಹೆಸರಿಸುತ್ತದೆ: ದವಡೆಯ ಕಟ್ಟಕಡೆಯ ಹಲ್ಲಿನಲ್ಲಿ ದೊಡ್ಡ ಬಾವು, ತೀವ್ರ ನೋವು, ಜೊಲ್ಲು ಸುರಿಯುವಿಕೆ. ಇದು ಕಫದಿಂದ ಆದದ್ದೆಂದು ಆಚಾರ್ಯರ ಮತ. ಚಿಕಿತ್ಸೆಯಾಗಿ ಆ ಮಾಂಸವನ್ನು ಛೇದಿಸಿ, ಬಜೆ, ಯವಕ್ಷಾರ ಮೊದಲಾದವುಗಳ ಚೂರ್ಣವನ್ನು ಜೇನಿನಲ್ಲಿ ಕಲಸಿ ಲೇಪಿಸಬೇಕೆಂದಿದ್ದಾರೆ. ಕೇವಲ ಕಷಾಯ ಮುಕ್ಕಳಿಸಿ ಕುಳಿತಿರಿ ಎಂದು ಅವರು ಹೇಳಲಿಲ್ಲ, ಶಸ್ತ್ರವನ್ನೇ ಹೇಳಿದರು. ಆಯುರ್ವೇದವೆಂದರೆ ಬರೀ ಬೇರು ನಾರು ಎಂದು ತಿಳಿದವರು ಇದನ್ನು ಗಮನಿಸಬೇಕು.

ಇನ್ನು ಕಣ್ಣಿನ ಮಾತು. ಅದಕ್ಕೂ ಮೂಲವಿದೆ. ಅದೇ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಗಟ್ಟಿಯಾಗಿ ನಾಟಿರುವ ಮೇಲ್ದವಡೆಯ ಹಲ್ಲನ್ನು ಬೇರುಸಹಿತ ಕಿತ್ತರೆ ರಕ್ತ ಅತಿಯಾಗಿ ಹರಿದು ಘೋರ ರೋಗಗಳುಂಟಾಗುತ್ತವೆ, ಕಣ್ಣು ಕುರುಡಾಗಬಹುದು, ಮುಖ ಸೊಟ್ಟಗಾಗುವ ಅರ್ದಿತವೂ ಬರಬಹುದು, ಆದ್ದರಿಂದ ಅಲುಗುತ್ತಿದ್ದರೂ ಮೇಲಿನ ಹಲ್ಲನ್ನು ಕೀಳಬಾರದು ಎಂದಿದೆ. ಮರವು ಮಾಡುವ ಚುಚ್ಚುಮದ್ದಿಲ್ಲದ, ರಕ್ತ ನಿಲ್ಲಿಸುವ ಉಪಾಯಗಳು ಮಿತವಾಗಿದ್ದ, ಎಲುಬಿನೊಳಗನ್ನು ತೋರಿಸುವ ಎಕ್ಸ್‌ರೇ ಇಲ್ಲದ ಕಾಲದಲ್ಲಿ ಒಬ್ಬ ಶಸ್ತ್ರವೈದ್ಯ ತನ್ನ ಶಿಷ್ಯರಿಗೆ ಕೊಟ್ಟ ಎಚ್ಚರಿಕೆಯಿದು. ಆತನ ಭಯವಿದ್ದದ್ದು ರಕ್ತಸ್ರಾವದ ಕುರಿತು. ಇಂದು ಆ ಕಾರಣ ಉಳಿದಿಲ್ಲ. ಮಿದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ದೃಷ್ಟಿಯದು ಎರಡನೆಯ ನರ. ಹಲ್ಲುಗಳಿಗೆ ಬರುವುದು ಐದನೆಯದರ ಕವಲುಗಳು. ಹಲ್ಲು ಕಿತ್ತ ಮಾತ್ರಕ್ಕೆ ದೃಷ್ಟಿ ಕುಂದದು. ಬದಲಾಗಿ, ಮೇಲಿನ ಹಲ್ಲಿನ ಕೀವನ್ನು ಹಾಗೆಯೇ ಬಿಟ್ಟರೆ ಅದು ಅಪರೂಪಕ್ಕೆ ಕಣ್ಣಿನ ಗೂಡಿಗೇ ಹರಡುವುದುಂಟು. ಕಣ್ಣಿನ ಚಿಂತೆಯುಳ್ಳವರು ಅಂಜಬೇಕಾದದ್ದು ಆ ಕೀವಿಗೆ.

ಹಾಗಾದರೆ ಎಲ್ಲರೂ ತೆಗೆಸಬೇಕೇ? ಬೇಡ. ನೇರವಾಗಿ ಮೂಡಿ ಅಗಿಯುವ ಕೆಲಸ ಮಾಡುತ್ತಿರುವ ಹಲ್ಲನ್ನಾಗಲಿ, ಎಲುಬಿನ ಆಳದಲ್ಲಿ ಯಾವ ರೋಗವೂ ಇಲ್ಲದೆ ಮಲಗಿರುವ ಹಲ್ಲನ್ನಾಗಲಿ ಕೆದಕುವ ಅಗತ್ಯವಿಲ್ಲ. ಬ್ರಿಟನ್ನಿನಲ್ಲಿ ರೋಗವಿಲ್ಲದ ಬುದ್ಧಿಹಲ್ಲುಗಳನ್ನು ಮುಂಜಾಗ್ರತೆಗೆಂದು ಕೀಳುವ ಪದ್ಧತಿಯನ್ನು ಕೈಬಿಡಬೇಕೆಂದು 2000ದಲ್ಲಿಯೇ ಅಲ್ಲಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯಾದ ‘ನೈಸ್’ ಸೂಚಿಸಿತು. ಆದರೆ ಬಾವು ಮರುಕಳಿಸುತ್ತಿದ್ದರೆ, ತುಂಬಿಸಲಾಗದಷ್ಟು ಹುಳುಕು ಹಿಡಿದಿದ್ದರೆ, ಮುಂದಿನ ಒಳ್ಳೆಯ ಹಲ್ಲನ್ನು ಕೆಡಿಸುತ್ತಿದ್ದರೆ ಅಥವಾ ಸುತ್ತ ನೀರ್ಗಂಟು ಬೆಳೆದಿದ್ದರೆ ತಡಮಾಡಬಾರದು. ಹರೆಯದಲ್ಲಿ ಬೇರು ಪೂರ್ತಿ ಬಲಿತಿರುವುದಿಲ್ಲ, ಎಲುಬೂ ಮೃದು. ವಯಸ್ಸು ಏರಿದಂತೆ ಕೆಲಸ ಕಠಿಣ, ಮಾಯುವುದು ನಿಧಾನ.

ನಮ್ಮ ವೈದ್ಯಬಂಧುಗಳಲ್ಲಿ ಕೆಲವರು ಜಾಲಂಧರ ಬಂಧದ ವಿಧಾನದಿಂದ, ಚುಚ್ಚುಮದ್ದಿಲ್ಲದೆ ಹಲ್ಲು ಕೀಳುತ್ತಾರೆ. ಸಡಿಲವಾಗಿ ಅಲುಗುವ ಹಲ್ಲಿಗೆ ಅದು ಹೊಂದೀತು. ಎಲುಬಿನಲ್ಲಿ ಹೂತ ಬುದ್ಧಿಹಲ್ಲಿಗೆ ಅದು ತಕ್ಕುದಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಇಂಥ ಹಲ್ಲಿಗೆ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂ.ಡಿ.ಎಸ್. ಮಾಡಿದ ತಜ್ಞರ ಬಳಿಗೇ ಹೋಗುವುದು ಲೇಸು. ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ಇಂಥವರು ಇರುತ್ತಾರೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಜಾತ್ರೆಯ ಬೀದಿಯಲ್ಲಿ ಹಲ್ಲು ಕೀಳುವವರ ಮುಂದೆ ಮಾತ್ರ ಬಾಯಿ ತೆರೆಯಬೇಡಿರಿ.

ಮೊದಲು ಎಕ್ಸ್‌ರೇ ತೆಗೆಸಬೇಕು. ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಓ.ಪಿ.ಜಿ. ಎಂಬುದು ಇದಕ್ಕೆ ಅನುಕೂಲ. ಕೆಳದವಡೆಯ ಎಲುಬಿನೊಳಗೆ ತುಟಿ ಗಲ್ಲಗಳಿಗೆ ಸ್ಪರ್ಶಜ್ಞಾನ ಕೊಡುವ ನರವೊಂದು ಹಾಯ್ದು ಹೋಗುತ್ತದೆ. ಹಲ್ಲಿನ ಬೇರು ಅದಕ್ಕೆ ಎಷ್ಟು ಸಮೀಪವಿದೆಯೆಂದು ವೈದ್ಯರನ್ನು ಕೇಳಿರಿ. ತೀರ ಸಮೀಪವಿದ್ದರೆ ಶಸ್ತ್ರಕ್ರಿಯೆಯ ನಂತರ ಕೆಳತುಟಿಯಲ್ಲಿ ಜೋಮು ಉಳಿಯುವ ಸಂಭವವಿದೆ, ನಾಲಿಗೆಯಲ್ಲಿಯೂ ಉಂಟಾಗಬಹುದು. ಬಹುಮಟ್ಟಿಗೆ ಅದು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ, ವಿರಳವಾಗಿ ಶಾಶ್ವತವಾಗಿ ನಿಲ್ಲುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಯಿದು.

ಸೇವಿಸುತ್ತಿರುವ ಔಷಧಗಳನ್ನೆಲ್ಲ ಚೀಲ ಸಮೇತ ಒಯ್ದು ತೋರಿಸಿರಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಹಲ್ಲಿನ ಗಾಯದ ರಕ್ತವನ್ನು ಒತ್ತಿ ನಿಲ್ಲಿಸಬಹುದು. ಸ್ಟೆಂಟ್ ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ. ವಾರ್ಫರಿನ್ ಸೇವಿಸುವವರು ಐ.ಎನ್.ಆರ್. ಪರೀಕ್ಷೆಯ ಚೀಟಿ ಒಯ್ಯಬೇಕು. ಎಲುಬು ಸವೆತಕ್ಕೆ ಅಲೆಂಡ್ರೋನೇಟ್ ಗುಳಿಗೆಯನ್ನೋ ಜೊಲೆಡ್ರೋನಿಕ್ ಆಮ್ಲದ ಚುಚ್ಚುಮದ್ದನ್ನೋ ಪಡೆದ ತಾಯಂದಿರು ತಪ್ಪದೆ ಹೇಳಬೇಕು, ಏಕೆಂದರೆ ಕೆಲವೊಮ್ಮೆ ದವಡೆಯ ಎಲುಬು ಮಾಯದೆ ಸಾಯುವುದುಂಟು. ಕೃತಕ ಹೃದಯ ಕವಾಟ, ಮಧುಮೇಹ, ಪೆನಿಸಿಲಿನ್ ಒಗ್ಗದಿರುವುದು, ಗರ್ಭಧಾರಣೆ ಇವನ್ನೂ ಮುಚ್ಚಿಡಬಾರದು. ನಾವು ಕೊಟ್ಟ ಗುಗ್ಗುಳು, ಲಶುನದ ಯೋಗಗಳನ್ನೂ ತಿಳಿಸಿರಿ. ಇವೂ ರಕ್ತ ಹೆಪ್ಪುಗಟ್ಟುವುದನ್ನು ತುಸು ನಿಧಾನಿಸಬಹುದು.

ಇನ್ನೊಂದು ಮಾತು ನಮ್ಮ ಭಕ್ತರಿಗೆ ವಿಶೇಷವಾಗಿ. ಪೂಜೆ ಮುಗಿಯದೆ ನೀರು ಮುಟ್ಟದವರೂ ಶ್ರಾವಣ ಸೋಮವಾರದ ಉಪವಾಸದವರೂ ನಮ್ಮಲ್ಲಿ ಬಹಳ. ಸ್ಥಳೀಯ ಮರವಿನ ಚುಚ್ಚುಮದ್ದಿಗೆ ಹಸಿದ ಹೊಟ್ಟೆಯಲ್ಲಿ ಹೋದರೆ ತಲೆಸುತ್ತು ಬರುತ್ತದೆ. ಮಧುಮೇಹಿಗಳಿಗೆ ಸಕ್ಕರೆ ಅಪಾಯಕರವಾಗಿ ಇಳಿಯುತ್ತದೆ. ಬೆಳಗಿನ ಜಾವವೇ ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ರಕ್ತದೊತ್ತಡದ ಗುಳಿಗೆಯನ್ನೂ ತೆಗೆದುಕೊಂಡು ಹೋಗಿರಿ. ಪೂರ್ಣ ಅರಿವಳಿಕೆ ಕೊಡುವುದಾದರೆ ಮಾತ್ರ ವೈದ್ಯರು ಹೇಳಿದಷ್ಟು ಹೊತ್ತು ಉಪವಾಸವಿರಬೇಕು.

ಹಲ್ಲು ತೆಗೆದ ಮೇಲೆ ಆ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಮುಖ್ಯ ಔಷಧ. ಎಲುಬನ್ನು ಮುಚ್ಚಿ ಕಾಯುವುದು ಅದೇ. ಕೊಟ್ಟ ಹತ್ತಿಬಟ್ಟೆಯನ್ನು ಅರ್ಧದಿಂದ ಒಂದು ಗಂಟೆ ಕಚ್ಚಿ ಹಿಡಿದಿರಬೇಕು. ಮೊದಲ 24 ಗಂಟೆ ಉಗುಳುವುದು, ಮುಕ್ಕಳಿಸುವುದು, ಕೊಳವೆಯಿಂದ ಹೀರುವುದು ಬೇಡ. ಗಲ್ಲದ ಹೊರಗೆ ತಂಪು ಹಿಡಿಯಬಹುದು, ಶಾಖ ಕೊಡಬಾರದು. ಮರುದಿನದಿಂದ ಊಟದ ಬಳಿಕ ಉಗುರು ಬೆಚ್ಚಗಿನ ಉಪ್ಪುನೀರನ್ನು ಮೆಲ್ಲಗೆ ಬಾಯಲ್ಲಿ ಆಡಿಸಿ ಬಿಡಬೇಕು. ಬೀಡಿ, ಸಿಗರೇಟು, ಗುಟ್ಕಾ, ಎಲೆಯಡಿಕೆ ತಂಬಾಕು ಇವು ಕನಿಷ್ಠ ಒಂದು ವಾರ ದೂರವಿರಲಿ. ಅರಿಶಿನ, ತಂಬಾಕಿನ ಪುಡಿ, ಲವಂಗದೆಣ್ಣೆ ಯಾವುದನ್ನೂ ಕುಳಿಗೆ ತುರುಕಬಾರದು. ಆಸ್ಪಿರಿನ್ ಗುಳಿಗೆಯನ್ನು ಒಸಡಿಗೆ ಒತ್ತಿಟ್ಟುಕೊಂಡು ಒಸಡನ್ನೇ ಸುಟ್ಟುಕೊಂಡವರನ್ನು ನಾವು ನೋಡಿದ್ದೇವೆ.

ಊಟಕ್ಕೆ ಆರಿದ ಗಂಜಿ, ರಾಗಿ ಅಂಬಲಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು ಮಜ್ಜಿಗೆ, ಮೊಸರನ್ನ ಹಿತ. ಕಟಕು ರೊಟ್ಟಿ, ಶೇಂಗಾ ಹಿಂಡಿ, ಮಂಡಕ್ಕಿ ಸದ್ಯಕ್ಕೆ ಬೇಡ. ಅವುಗಳ ಚೂರು ಕುಳಿಗಿಳಿದರೆ ತೆಗೆಯುವುದು ಪ್ರಯಾಸ. ಬಾವು ಎರಡು ಮೂರು ದಿನ ಏರಿ ಆಮೇಲೆ ಇಳಿಯುತ್ತದೆ. ಅದಕ್ಕೆ ಗಾಬರಿ ಬೇಡ. ಆದರೆ ಇಳಿಯುತ್ತಿದ್ದ ನೋವು ಮೂರನೆಯ ದಿನದ ಹೊತ್ತಿಗೆ ಮತ್ತೆ ಏರಿ ಕಿವಿಯವರೆಗೆ ಎಳೆದು, ಬಾಯಿ ನಾತ ಬಂದರೆ, ಹೆಪ್ಪು ಕಳಚಿ ಎಲುಬು ಬಯಲಾಗಿದೆಯೆಂದು ತಿಳಿಯಬೇಕು. ಕೂಡಲೇ ಹಲ್ಲಿನ ವೈದ್ಯರ ಬಳಿಗೆ ಮರಳಿದರೆ ಕುಳಿಯನ್ನು ತೊಳೆದು ಔಷಧದ ಪಟ್ಟಿ ಇಡುತ್ತಾರೆ, ನೋವು ಬೇಗ ತಗ್ಗುತ್ತದೆ.

ಹಲ್ಲು ತೆಗೆಸುವ ಮುನ್ನವಾಗಲಿ ಅನಂತರವಾಗಲಿ, ದವಡೆಯ ಕೆಳಗೆ ಕಲ್ಲಿನಂತೆ ಗಟ್ಟಿ ಬಾವು, ನಾಲಿಗೆ ಮೇಲೆದ್ದಂತಾಗುವುದು, ಎಂಜಲು ನುಂಗಲಾಗದಿರುವುದು, ದನಿ ಬದಲಾಗುವುದು, ಜ್ವರ, ಉಸಿರಿಗೆ ತಡೆ ಕಂಡರೆ ಬೆಳಗಾಗಲೆಂದು ಕಾಯಬಾರದು. 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ವರ್ಣಿಸಿದ, ಅವರ ಹೆಸರಿನಿಂದಲೇ ಇಂದಿಗೂ ಕರೆಯಲ್ಪಡುವ ಈ ಸೋಂಕು ಕುತ್ತಿಗೆಗಿಳಿದು ಗಂಟೆಗಳಲ್ಲಿ ಉಸಿರು ಕಟ್ಟಿಸಬಲ್ಲದು. ಆ ರಾತ್ರಿಯೇ ರೋಗಿಯನ್ನು ಕೂರಿಸಿಕೊಂಡು, ಮಲಗಿಸದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಜಿಲ್ಲಾಸ್ಪತ್ರೆಗೆ ಕರೆದೊಯ್ಯಬೇಕು.

ಹೊಲಿಗೆ ಹಾಕಿದ್ದರೆ ಸಾಮಾನ್ಯವಾಗಿ ಒಂದು ವಾರಕ್ಕೆ ಬಿಚ್ಚುತ್ತಾರೆ. ಎಣ್ಣೆ ಮುಕ್ಕಳಿಸುವ ಗಂಡೂಷದ ಅಭ್ಯಾಸವುಳ್ಳವರು ಹೊಲಿಗೆ ಬಿಚ್ಚಿ ಗಾಯ ಮುಚ್ಚಿಕೊಂಡಿದೆಯೆಂದು ವೈದ್ಯರು ನೋಡಿ ಹೇಳಿದ ಮೇಲೆಯೇ ಅದನ್ನು ಮತ್ತೆ ಆರಂಭಿಸಬಹುದು.