ಎಂಟು ತಿಂಗಳ ನೆಂಟರು, ಹನ್ನೆರಡು ತಿಂಗಳ ಲೈನು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡ ಮನೆಗಳು ಎಷ್ಟೋ ಇವೆ. ಅದರ ಬೆನ್ನಿಗೇ ಎಲೆಚುಕ್ಕೆ ರೋಗವೂ ಬಂತು. ಅಡಿಕೆಯೊಂದನ್ನೇ ನೆಚ್ಚಿ ಕೂರಲಾಗದೆ ಹಲವರು ಹೋಂಸ್ಟೇ ಶುರುಮಾಡಿದೆವು. ನಮ್ಮದು ಕೊಪ್ಪ–ಶೃಂಗೇರಿ ನಡುವಿನ ಹಳ್ಳಿ. ಮನೆಯಲ್ಲಿ ಅತಿಥಿಗಳಿಗೆ ಎರಡು ಕೋಣೆ, ಕೆಳಗಿನ ಹಡಿಲು ಗದ್ದೆಯಲ್ಲಿ ಟೆಂಟ್ ಹಾಕುವ ಜಾಗ. ಈಚೆಗೆ ಗಾಡಿಯಲ್ಲೇ ಅಡುಗೆ ಮಾಡಿ ಗಾಡಿಯಲ್ಲೇ ಮಲಗುವ ಕ್ಯಾರವಾನ್‌ನವರೂ ಅಲ್ಲೇ ಬಂದು ನಿಲ್ಲಿಸುತ್ತಾರೆ. ಫೋನ್ ಮಾಡಿದವರು ಊಟ ಏನೆಂದು ಕೇಳುವ ಮೊದಲೇ ವೈಫೈ ಇದೆಯೇ ಎಂದು ಕೇಳುತ್ತಾರೆ.

ಕೇಳುವುದರಲ್ಲಿ ತಪ್ಪಿಲ್ಲ. ಶುಕ್ರವಾರ ಅರ್ಧ ದಿನ ಇಲ್ಲಿಂದಲೇ ಕೆಲಸ ಮುಗಿಸಬಹುದು ಎಂದಾದರೆ ಬೆಂಗಳೂರಿನವರು ಎರಡು ದಿನದ ಬದಲು ಮೂರು ದಿನ ಉಳಿಯುತ್ತಾರೆ. ಹೊರಡುವಾಗ ಯುಪಿಐನಲ್ಲಿ ಹಣ ಕೊಡಲಿಕ್ಕೂ ನೆಟ್ ಬೇಕು. ಆದರೆ ಒಮ್ಮೆ ವೈಫೈ ಇದೆ ಎಂದು ಹೇಳಿದ ಮೇಲೆ ಅದು ಗುಡುಗು ಮಳೆಯಲ್ಲೂ ಇರಬೇಕು. ಖರ್ಚಿನ ಲೆಕ್ಕ ಶುರುವಾಗುವುದು ಅಲ್ಲಿಂದ.

ಎಲ್ಲಿಗೆ ಬೇಕು, ಎಲ್ಲಿಗೆ ಬೇಡ

ಇಡೀ ತೋಟಕ್ಕೆ ಸಿಗ್ನಲ್ ಕೊಡುತ್ತೇನೆ ಎನ್ನುವವರ ಮಾತಿಗೆ ಹಣ ಹಾಕಬೇಡಿ. ವೈಫೈ ಅಲೆಗಳಿಗೆ ನೀರು ಆಗದು, ಒದ್ದೆ ಸೋಗೆಯೂ ಎಲೆಯೂ ಅವನ್ನು ಹೀರಿಬಿಡುತ್ತವೆ. ಬೇಸಿಗೆಯಲ್ಲಿ ತಲುಪಿದಷ್ಟು ದೂರ ಮಳೆಗಾಲದಲ್ಲಿ ತಲುಪುವುದಿಲ್ಲ. 5 ಗಿಗಾಹರ್ಟ್ಸ್‌ಗೆ ವೇಗ ಹೆಚ್ಚು, ಮರಗಿಡ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ಸ್ವಲ್ಪ ಹೆಚ್ಚು ದಾಟುತ್ತದೆ, ವೇಗ ಕಡಿಮೆ. ಮಾಡಿನ ಮೇಲೆ ದೊಡ್ಡ ಆಂಟೆನಾ ಕೂರಿಸಿದರೂ ಈ ಗುಣ ಬದಲಾಗದು. ಅದರ ಸಿಗ್ನಲ್ ಫೋನಿಗೆ ತಲುಪಿದರೂ ಫೋನಿನ ಸಣ್ಣ ಸಿಗ್ನಲ್ ಅಲ್ಲಿಯವರೆಗೆ ವಾಪಸ್ ಹೋಗಬೇಕಲ್ಲ!

ಆದ್ದರಿಂದ ನಾವು ಮೂರೇ ಜಾಗ ಆರಿಸಿಕೊಂಡೆವು: ಜಗಲಿ, ಟೆಂಟ್ ಹಾಕುವ ಗದ್ದೆ, ಕ್ಯಾರವಾನ್ ನಿಲ್ಲುವ ಮೂಲೆ. ಗಾಡಿಯ ತಗಡಿನ ಮೈ ಸಿಗ್ನಲನ್ನು ತಡೆಯುತ್ತದೆ. ಹಾಗಾಗಿ ಕಂಬ ಗಾಡಿಯ ಕಿಟಕಿಗೆ ಎದುರಾಗುವ ಹಾಗೆ ನೆಟ್ಟಿದ್ದೇವೆ. ತೋಟ ಸುತ್ತಲು ಹೋದವರಿಗೆ ನೆಟ್ ಬೇಕಿಲ್ಲ. ಅಲ್ಲಿಗೂ ಕೊಡಲು ಹೊರಟರೆ ಖರ್ಚು ದುಪ್ಪಟ್ಟಾಗುತ್ತದೆ, ಗಿರಾಕಿ ಒಬ್ಬರೂ ಹೆಚ್ಚಾಗುವುದಿಲ್ಲ.

ಹಣ ಹಾಕಬೇಕಾದ್ದು ಕಾಣದ ಕೆಲಸಕ್ಕೆ

ಮನೆಯಿಂದ ಗದ್ದೆಗೆ ಸಾಮಾನ್ಯ ನೆಟ್‌ವರ್ಕ್ ಕೇಬಲ್ ಎಳೆಯಬಹುದು, ಆದರೆ ಅದರ ಮಿತಿ 100 ಮೀಟರ್. ದೂರಕ್ಕಿಂತ ದೊಡ್ಡ ತೊಂದರೆ ಸಿಡಿಲಿನದು. ಭರಣಿ, ಕೃತ್ತಿಕಾ ಮಳೆಯ ಗುಡುಗು, ಮತ್ತೆ ಚಿತ್ತೆ, ಸ್ವಾತಿಯ ಗುಡುಗು ನಮ್ಮ ಕಡೆಯವರಿಗೆಲ್ಲ ಗೊತ್ತು. ಸಿಡಿಲು ಮನೆಗೇ ಹೊಡೆಯಬೇಕೆಂದಿಲ್ಲ. ಹತ್ತಿರದ ಮರಕ್ಕೆ ಹೊಡೆದರೂ ಉದ್ದ ತಾಮ್ರದ ತಂತಿಯಲ್ಲಿ ವಿದ್ಯುತ್ ಉಕ್ಕಿ ಎರಡೂ ತುದಿಯ ಯಂತ್ರಗಳು ಸುಟ್ಟುಹೋಗುತ್ತವೆ. ಫೈಬರ್ ಗಾಜಿನ ಎಳೆ, ಅದರಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ ಹರಿಯುವುದಿಲ್ಲ. ಮನೆಯಿಂದ ಗದ್ದೆಗೆ ಲೋಹದ ತಂತಿಯಿಲ್ಲದ ಫೈಬರನ್ನೇ ಎಳೆಸಿದೆವು. ಸೋಗೆ ಬಿದ್ದು ಕಡಿಯದಂತೆ, ಮಂಗಗಳ ಕೈಗೆ ಸಿಗದಂತೆ ಪೈಪಿನೊಳಗೆ ಹಾಕಿ ಬಸಿಗಾಲುವೆಯ ಪಕ್ಕದಲ್ಲಿ ಹೂಳಿಸಿದೆವು. ಆದರೂ ಗದ್ದೆಯ ಯಂತ್ರಕ್ಕೆ ಕರೆಂಟಿನ ತಂತಿ ಬೇಕೇ ಬೇಕು, ಸಿಡಿಲು ಆ ದಾರಿಯಲ್ಲಿ ಬರಬಹುದು. ಅದಕ್ಕೇ ಎರಡೂ ಕಡೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆವು. ಇದ್ದಿಲು, ಉಪ್ಪು ತುಂಬಿದ ಅರ್ತಿಂಗ್ ಗುಂಡಿ ತೋಡಿಸಿ ಮನೆಯ ಅರ್ತಿಂಗ್‌ಗೆ ಸೇರಿಸಿದೆವು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವುದನ್ನು ಮರೆಯಬಾರದು.

ಕಂಬದ ಮೇಲಿನ ಡಬ್ಬಿಯನ್ನು ಕಟ್ಟುವಾಗ ಎದುರಿಗೇ ನಿಂತು ನೋಡಿ. ವೈರು ಡಬ್ಬಿಗೆ ಕೆಳಗಿನಿಂದಲೇ ಒಳಹೋಗಬೇಕು. ಅದಕ್ಕೂ ಮೊದಲು ಗೇಣುದ್ದ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಬೇಕು. ವೈರು ಹಿಡಿದು ಇಳಿದ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಒಳಗೆ ಹೋಗುವುದಿಲ್ಲ. ಸಂದುಗೊಂದನ್ನು ರಬ್ಬರಿನಿಂದ ಮುಚ್ಚದಿದ್ದರೆ ಒಂದೇ ವಾರದಲ್ಲಿ ಇರುವೆ ಗೂಡು ಕಟ್ಟುತ್ತದೆ. ಇದಕ್ಕೆಲ್ಲ ಹೆಚ್ಚು ಹಣ ಬೇಡ, ಕೆಲಸ ಗೊತ್ತಿರುವ ಹುಡುಗ ಬೇಕು. ಕಂಪನಿ ಆರಿಸುವಾಗಲೂ ವೇಗಕ್ಕಿಂತ ಮೊದಲು ಎರಡು ಮಾತು ಕೇಳಿ: ಮರ ಬಿದ್ದು ಲೈನ್ ಕಡಿದರೆ ಜೋಡಿಸುವವರು ಎಲ್ಲಿಂದ ಬರುತ್ತಾರೆ? ಊರಿನ ಕರೆಂಟು ಹೋದಾಗ ನಿಮ್ಮ ಕಡೆಯ ಯಂತ್ರಕ್ಕೆ ಬ್ಯಾಟರಿ ಇದೆಯೇ? ಅವರ ಯಂತ್ರ ಸತ್ತರೆ ನಮ್ಮ ಮನೆಯ ಬ್ಯಾಟರಿ ಎಷ್ಟು ದೊಡ್ಡದಿದ್ದರೂ ಉಪಯೋಗವಿಲ್ಲ.

ಲೆಕ್ಕ ಹೀಗೆ

ನಮ್ಮಲ್ಲಿ ಆದ ಖರ್ಚು ದುಂಡು ಅಂಕಿಯಲ್ಲಿ: ಫೈಬರ್, ಅದರ ಬೆಳಕನ್ನು ವಿದ್ಯುತ್ ಸಂಕೇತಕ್ಕೆ ಬದಲಿಸುವ ಎರಡು ಕನ್ವರ್ಟರ್, ಜೋಡಿಸುವ ಕೂಲಿ 7,000 ರೂಪಾಯಿ. ಮಳೆ ತಡೆಯುವ ಎರಡು ಹೊರಾಂಗಣ ವೈಫೈ ಯಂತ್ರ 16,000. ಅವಕ್ಕೆ ವೈರಿನಲ್ಲೇ ಕರೆಂಟು ಕೊಡುವ ಸ್ವಿಚ್ 4,500. ಕಂಬ, ಡಬ್ಬಿ 4,000. ಅರ್ತಿಂಗ್, ಸರ್ಜ್ ಪ್ರೊಟೆಕ್ಟರ್ 7,500. ಇನ್ವರ್ಟರ್, 150 ಎಎಚ್ ಬ್ಯಾಟರಿ 21,000. ಒಟ್ಟು 60,000. ಈ ಯಂತ್ರಗಳೆಲ್ಲ ಸೇರಿ ಎಳೆಯುವುದು 40 ವ್ಯಾಟ್ ಆಸುಪಾಸು. ಬೇರೆ ಲೋಡ್ ಹಾಕದಿದ್ದರೆ ಬ್ಯಾಟರಿ ಒಂದು ಹಗಲು ಒಂದು ರಾತ್ರಿ ತಡೆಯುತ್ತದೆ.

ಐದು ವರ್ಷ ಬಾಳಿಕೆ ಎಂದು ಹಿಡಿದರೆ ವರ್ಷಕ್ಕೆ 12,000. ತಿಂಗಳ ಪ್ಲಾನ್ 599, ಶೇ 18 ಜಿಎಸ್‌ಟಿ ಸೇರಿ 707. ವರ್ಷಕ್ಕೆ 8,484. ಇದರ ಮೇಲೆ ವರ್ಷಕ್ಕೆ 6,000 ರೂಪಾಯಿಯನ್ನು ಸಿಡಿಲಿಗೆಂದೇ ಬೇರೆ ಖಾತೆಯಲ್ಲಿ ಇಡುತ್ತೇವೆ. ಎಷ್ಟೇ ಎಚ್ಚರ ವಹಿಸಿದರೂ ಒಂದಲ್ಲ ಒಂದು ವರ್ಷ ಯಾವುದೋ ಯಂತ್ರ ಹೋಗಿಯೇ ಹೋಗುತ್ತದೆ. ಆ ದಿನ ಸಾಲ ಮಾಡುವಂತಾಗಬಾರದು. ಎಲ್ಲ ಕೂಡಿದರೆ ವರ್ಷಕ್ಕೆ ಸುಮಾರು 26,500.

ಅತಿಥಿಯೊಬ್ಬರಿಂದ ದಿನಕ್ಕೆ ಬರುವ 1,500ರಲ್ಲಿ ಊಟ, ಕೂಲಿ, ಬಟ್ಟೆ ಒಗೆತ ಕಳೆದು ನಮಗೆ ಉಳಿಯುವುದು 500. ವೈಫೈಯ ಖರ್ಚು ಹುಟ್ಟಬೇಕಾದರೆ ವರ್ಷಕ್ಕೆ 53 ಆಳಿನ ದಿನ ಹೆಚ್ಚು ಬರಬೇಕು. ನಮ್ಮ ಸೀಸನ್ ಅಕ್ಟೋಬರ್‌ನಿಂದ ಮೇವರೆಗೆ ಎಂಟು ತಿಂಗಳು. ಅಂದರೆ ತಿಂಗಳಿಗೆ ಏಳು ಆಳಿನ ದಿನ. ಶೃಂಗೇರಿಯ ನವರಾತ್ರಿ, ಡಿಸೆಂಬರ್ ರಜೆ, ಬೇಸಿಗೆ ರಜೆ ಇರುವ ನಮಗೆ ಇದು ದಾಟಬಹುದಾದ ಗುರಿ. ನೀವೂ ಲೆಕ್ಕ ಹಾಕುವಾಗ ಬಾಡಿಗೆಯ ಪೂರ್ತಿ ಹಣವನ್ನು ಆದಾಯವೆಂದು ಹಿಡಿಯಬೇಡಿ, ಕೈಯಲ್ಲಿ ಉಳಿಯುವುದನ್ನಷ್ಟೇ ಹಿಡಿಯಿರಿ. ಎರಡೇ ಕೋಣೆ ಇದ್ದು ಹೊರಗೆ ಟೆಂಟ್ ಇಲ್ಲದವರಿಗೆ ಗದ್ದೆಯ ಕಂಬ, ಫೈಬರ್ ಯಾವುದೂ ಬೇಡ. ಜಗಲಿಗೆ ಒಂದು ಯಂತ್ರ ಸಾಕು.

ಕಣಿವೆಯಾಚೆಯ ಮನೆಗೆ ಸಂಪರ್ಕ ಕೊಡಲು ಸಣ್ಣ ಡಿಶ್‌ಗಳ ಜೋಡಿ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. 5 ಗಿಗಾಹರ್ಟ್ಸ್ ಅಲೆಯನ್ನು ಹೊರಾಂಗಣದಲ್ಲಿ ಬಳಸಲು 2018ರ ಅಕ್ಟೋಬರ್‌ನಿಂದ ಲೈಸೆನ್ಸ್ ಬೇಕಿಲ್ಲ. ಆದರೆ ಎರಡು ಡಿಶ್‌ಗಳು ಒಂದಕ್ಕೊಂದು ಕಾಣಬೇಕು. ಒಂದು ಕಿಲೋಮೀಟರ್ ದೂರವಿದ್ದರೆ ನಡುಮಧ್ಯದಲ್ಲಿ ಆ ನೇರಗೆರೆಯ ಸುತ್ತ ಮೂರೂವರೆ ಮೀಟರಿನಷ್ಟು ಜಾಗ ಖಾಲಿ ಇರಬೇಕು. ಇವತ್ತು ಕಂಡದ್ದು ನಾಲ್ಕು ವರ್ಷಕ್ಕೆ ಮರ ಬೆಳೆದು ಮುಚ್ಚಿಹೋಗಬಹುದು. ಇನ್ನು ಮನೆಯ ಸಂಪರ್ಕವನ್ನು ಊರವರಿಗೆ ದುಡ್ಡಿಗೆ ಮಾರುವ ಹಾಗಿಲ್ಲ. ಆ ಆಸೆ ಇದ್ದವರು 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯ ದಾರಿ ಹಿಡಿಯಬೇಕು. ಅದರಲ್ಲಿ ವೈಫೈ ಕೊಡುವ ಸಣ್ಣ ಅಂಗಡಿಗೆ ಲೈಸೆನ್ಸೂ ಬೇಡ, ನೋಂದಣಿ ಶುಲ್ಕವೂ ಇಲ್ಲ.

ಜೂನ್‌ನಲ್ಲಿ ಅತಿಥಿಗಳು ನಿಂತ ಕೂಡಲೇ ಕೆಲವರು ಖರ್ಚು ಉಳಿಸಲು ಲೈನ್ ಕಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆರಿದ್ರಾ ಮಳೆಯಲ್ಲಿ ಕರೆಂಟು ಹೋಗಿ ಟವರ್ ನಿಂತಾಗ, ಲೈನಿನ ಕಂಪನಿ ಕಡೆಯ ತುದಿ ಜೀವಂತ ಇದ್ದರೆ, ವೈಫೈ ಕಾಲಿಂಗ್‌ನಿಂದ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು. ವಯಸ್ಸಾದವರಷ್ಟೇ ಇರುವ ಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆ. ದೂರದೂರಿನ ಮಕ್ಕಳಿಗೆ, ಮಣಿಪಾಲದ ವೈದ್ಯರಿಗೆ ಆಗ ಇರುವುದು ಅದೊಂದೇ ದಾರಿ. ಅದಕ್ಕೇ ನಾಲ್ಕು ತಿಂಗಳ ಬಿಲ್ 2,828 ರೂಪಾಯಿಯನ್ನು ನಾವು ಸೀಸನ್ನಿನಲ್ಲೇ ಎತ್ತಿಡುತ್ತೇವೆ. ಅತಿಥಿಗಳಿಗಾಗಿ ಎಳೆಸಿದ ಲೈನು ಮಳೆಗಾಲದಲ್ಲಿ ಮನೆಯವರಿಗೆ ಆಗಬೇಕು. ಎರಡೂ ಕೂಡಿಬಂದರೆ ಮಾತ್ರ ಅದು ಒಳ್ಳೆಯ ಹೂಡಿಕೆ.