ಅಲಸಂದೆಯ ಬೇರು ಅಗೆದು ನೋಡಿ



ವೃಷಭಾವತಿ ಹೊಳೆ ನೀರು ಹಾಯಿಸುವ ಒಬ್ಬ ತಾಯಿ ಸಭೆಯಲ್ಲಿ ಹೇಳಿದರು: "ಸಿಸ್ಟರ್, ಅಲಸಂದೆ ಗಿಡ ಹಸಿರಾಗಿ ಬೆಳ್ದದೆ, ಕಾಯಿ ಮಾತ್ರ ಇಲ್ಲ. ಬೀಜಾನೇ ಸರಿ ಇಲ್ಲ ಅನ್ಸುತ್ತೆ." ನಾವೂ ಮೊದಲು ಬೀಜವನ್ನೇ ಬೈದೆವು. ಆಮೇಲೆ ಗಿಡ ಅಗೆದು ನೋಡಿದರೆ ಬೇರಿನಲ್ಲಿ ನಾಲ್ಕೈದೇ ಗಂಟು. ಉಗುರಿನಲ್ಲಿ ಸೀಳಿದೆವು, ಒಳಗೆ ಬಿಳಿ.

ಅವರೆ, ತೊಗರಿ, ಹುರುಳಿ, ಅಲಸಂದೆ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಸೂಕ್ಷ್ಮಾಣುಜೀವಿ ಇರುತ್ತದೆ. ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತದೆ. ಕೆಲಸ ಮಾಡುವ ಗಂಟು ಒಳಗೆ ನಸುಗೆಂಪಾಗಿರುತ್ತದೆ.

ಬೆಂಗಳೂರಿನ ಚರಂಡಿ ನೀರು, ಕಾರ್ಖಾನೆ ನೀರು ಎರಡನ್ನೂ ಹೊತ್ತು ಈ ಹೊಳೆ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬರುತ್ತದೆ. ಲೋಹಕ್ಕೆ ಲೇಪ ಹಾಕುವ ಕಡೆಯಿಂದ ಕ್ರೋಮಿಯಂ, ನಿಕ್ಕಲ್, ಬ್ಯಾಟರಿ ಕೆಲಸದಿಂದ ಸೀಸ, ಕ್ಯಾಡ್ಮಿಯಂ ಇಂಥ ನೀರಿಗೆ ಸೇರುತ್ತವೆ. ಇವು ಮಣ್ಣಿನಲ್ಲಿ ಹೆಚ್ಚಾದರೆ ಬೇರು ಮೊಟಕಾಗುತ್ತದೆ, ಗಂಟು ಕಟ್ಟುವುದು ಕಡಿಮೆಯಾಗುತ್ತದೆ, ಕಾಳು ಇಳಿಯುತ್ತದೆ. ಸಗಣಿ, ಸೊಪ್ಪು ಕೊಳೆತು ಮಣ್ಣಾಗುವ ಹಾಗೆ ಲೋಹ ಕೊಳೆಯುವುದಿಲ್ಲ. ಇಂಗ್ಲೆಂಡಿನ ವೋಬರ್ನ್‌ನಲ್ಲಿ 1942ರಿಂದ 1961ರವರೆಗೆ ಚರಂಡಿ ಕೆಸರನ್ನು ಗೊಬ್ಬರವಾಗಿ ಹಾಕಿದ್ದರು. ನಿಲ್ಲಿಸಿ 20 ವರ್ಷ ದಾಟಿದ ಮೇಲೂ ಆ ನೆಲದಲ್ಲಿ ಬಿಳಿ ಕ್ಲೋವರ್ ಎಂಬ ಮೇವಿನ ಗಿಡದ ಗಂಟುಗಳು ಸಾರಜನಕ ಕೊಡಲಿಲ್ಲ. ಸೂಕ್ಷ್ಮಾಣು ಉಳಿದಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ.

ಆದರೆ ಗಂಟು ಬಿಳಿ ಅಂದ ಕೂಡಲೇ ಲೋಹ ಅಂತ ತೀರ್ಮಾನ ಬೇಡ. ಚರಂಡಿ ನೀರಿನಲ್ಲಿ ಸಾರಜನಕ ಜಾಸ್ತಿ. ಕುಳಿತಲ್ಲಿಗೇ ಊಟ ಬಂದರೆ ಗಿಡವೂ ಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ, ಬರೀ ಸೊಪ್ಪು ಬೆಳೆಸುತ್ತದೆ! ಆ ತಾಯಿಯ ಹೊಲದಲ್ಲಿ ಯಾವುದು ಕಾರಣ ಎಂದು ಮಣ್ಣು ಪರೀಕ್ಷೆಯೇ ಹೇಳಬೇಕು. ಮಣ್ಣು ಆರೋಗ್ಯ ಚೀಟಿ ಇದೆಯಲ್ಲ ಅನ್ನಬೇಡಿ. ಅದರಲ್ಲಿರುವ 12 ಅಂಶಗಳಲ್ಲಿ ಸತು, ತಾಮ್ರ ಇವೆ, ಸೀಸ, ಕ್ಯಾಡ್ಮಿಯಂ ಇಲ್ಲ. ಅವನ್ನು ಬೇರೆಯಾಗಿ ಕೇಳಿ ಮಾಡಿಸಬೇಕು.

ಫಲಿತಾಂಶ ಬರುವ ತನಕ ಆ ನೀರಿನಲ್ಲಿ ದಂಟು, ಪಾಲಕ್ ಬೆಳೆದು ಮಕ್ಕಳಿಗೆ ಹಾಕಬೇಡಿ. ಕ್ಯಾಡ್ಮಿಯಂ ಸೊಪ್ಪಿಗೆ ಸುಲಭವಾಗಿ ಏರುತ್ತದೆ, ಮೂತ್ರಪಿಂಡಕ್ಕೆ ಕೆಡುಕು. ಕೆರೆ ಹೂಳನ್ನು ಹೊಲಕ್ಕೆ ಹೊಡೆಯಬೇಡಿ. ಕೊಟ್ಟಿಗೆ ಗೊಬ್ಬರ ಹಾಕಿ, ಮಣ್ಣು ಹುಳಿಯಾಗಿದ್ದರೆ ಸುಣ್ಣ ಕೊಡಿ. ಲೋಹ ಹೋಗುವುದಿಲ್ಲ, ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ.

ಮುಂದಿನ ಸಭೆಗೆ ಹೂ ಬಿಡುವ ಹಂತದ ಎರಡು ಗಿಡ ತನ್ನಿ. ಒಂದು ಹೊಳೆ ನೀರಿನದು, ಒಂದು ಮಳೆ ಹೊಲದ್ದು. ಕೀಳಬೇಡಿ, ಗಂಟು ಉದುರಿಹೋಗುತ್ತದೆ. ಗುದ್ದಲಿಯಲ್ಲಿ ಅಗೆದು, ಮಣ್ಣಿನ ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ.