ಗಾಜು ಆಮೇಲೆ, ಮೊದಲು ಅಂಚು ನೋಡು

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕುಗ್ಗಿತ್ತು ಮಗಳೇ. "ಜೊತೆಗೆ ಸೇರಿದವರಿಗೆಲ್ಲ ಬ್ರೇಕು, ಚಕ್ರದ ಕೆಲಸ ಕೊಟ್ಟರು ದೊಡ್ಡಪ್ಪ, ನನ್ನನ್ನು ಮಾತ್ರ ಕಿಟಕಿಗೆ ಹಾಕಿದ್ದಾರೆ" ಅಂದೆ. ಏನೋ ಸಮಾಧಾನ ಹೇಳಿ ಫೋನಿಟ್ಟೆ, ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿ 30 ವರ್ಷ ಸ್ಪ್ಯಾನರ್ ಹಿಡಿದವನು ನಾನು. ಅದರಲ್ಲಿ ಮುಕ್ಕಾಲು ಪಾಲು ಕಿಟಕಿಗಳ ಮುಂದೆಯೇ ಕಳೆಯಿತು. ಹಾಗಾಗಿ ಗೊತ್ತಿದ್ದಷ್ಟನ್ನು ಬರೆದು ಕಳಿಸುತ್ತಿದ್ದೇನೆ.

ಕಿಟಕಿ ಅಂದರೆ ಎಲ್ಲರ ಕಣ್ಣೂ ಗಾಜಿಗೇ ಹೋಗುತ್ತದೆ. ನೀನು ಗಾಜನ್ನು ಆಮೇಲೆ ನೋಡು, ಮೊದಲು ಅಂಚು ನೋಡು. ಹಳೆಯ ಐಸಿಎಫ್ ಕೋಚಿನಲ್ಲಿ ಶಟರ್ ಇಳಿದು ಕೂರುವ ಸಿಲ್ ಇದೆಯಲ್ಲ, ಮಳೆನೀರು ಹೊರಗೆ ಹೋಗಲೆಂದು ಅಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮ ಮೈಸೂರು–ಬೆಂಗಳೂರು ಲೈನಿನ ಪಾಸಿನವರು ಕಡಲೆಕಾಯಿ ಸಿಪ್ಪೆ, ಕಿತ್ತಳೆ ಬೀಜ, ಮದ್ದೂರು ವಡೆ ಸುತ್ತಿದ ಪೇಪರಿನ ಚೂರು ಎಲ್ಲವನ್ನೂ ಆ ಸಂದಿಗೇ ತಳ್ಳುತ್ತಾರೆ. ಮೇಲೆ ದೂಳು ಕೂತು, ಮೊದಲ ಮಳೆಗೆ ಅದು ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಅಲ್ಲಿಗೆ ತೂತು ಮುಚ್ಚಿತು. ಹೊರಗೆ ದಾರಿ ಸಿಗದ ನೀರು ಒಳ ಪ್ಯಾನೆಲಿನ ಹಿಂದೆ ಇಳಿದು, ಪಕ್ಕದ ಕಂಬಗಳ ಬುಡ ಸೇರಿ, ಕೊನೆಗೆ ತಳದ ಉದ್ದ ತೊಲೆಗೆ, ಅಂದರೆ ಸೋಲ್‌ಬಾರಿಗೆ ಮುಟ್ಟುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗೆ ಉಕ್ಕು ಹಪ್ಪಳವಾಗಿರುತ್ತದೆ. ಪಿಒಎಚ್‌ಗೆ, ಅಂದರೆ ನಿಯಮಿತ ದೊಡ್ಡ ರಿಪೇರಿಗೆ, ಬಂದ ಒಂದು ಕೋಚಿನ ಪ್ಯಾನೆಲ್ ಬಿಚ್ಚಿ, ಕಿಟಕಿಯ ಕೆಳಗಿನ ಕಂಬಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಪಿಡಿಯವರೆಗೂ ಒಳಗೆ ಹೋಯಿತು. ಹತ್ತು ರೂಪಾಯಿ ಖರ್ಚಿಲ್ಲದ ಕೆಲಸವನ್ನು ಯಾರೋ ಬಿಟ್ಟದ್ದಕ್ಕೆ ಅಲ್ಲಿ ಕತ್ತರಿಸಿ ಹೊಸ ಉಕ್ಕು ಬೆಸೆಯಬೇಕಾಯಿತು.

ಅದಕ್ಕೇ ಪಿಟ್ ಲೈನಿಗೆ ಹೋಗುವಾಗ ಒಂದು ಚೊಂಬು ನೀರು ಹಿಡಿದುಕೊ. ಸಿಲ್‌ಗೆ ನಿಧಾನವಾಗಿ ಸುರಿ, ಹೊರಗೆ ನಿಂತವರು ನೋಡಲಿ. ಸುರಿದ ಕೂಡಲೇ ಹೊರಗೆ ಬಿದ್ದರೆ ಸರಿ. ತಡವಾಗಿ ತೊಟ್ಟಿಕ್ಕಿದರೆ, ಇಲ್ಲವೇ ಬೀಳದೇ ಇದ್ದರೆ, ತೂತು ಬಿಡಿಸದೆ ಮುಂದಿನ ಕಿಟಕಿಗೆ ಹೋಗಬೇಡ. ನಾನು ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಒಂದು ಕೊಕ್ಕೆ ಮಾಡಿಕೊಂಡಿದ್ದೆ. ಅದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಗಲಿಲ್ಲ.

ಇನ್ನು ಶಟರನ್ನು ಎತ್ತಿ ಹಿಡಿಯುವ ಲಾಚು. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಒಂದು ಸಂಜೆ ಕೋಚಿನ ಎಲ್ಲ ಶಟರುಗಳನ್ನೂ ಎತ್ತಿ ನೋಡಿ, ನಿಂತವು ಎಂದು ಸಹಿ ಹಾಕಿದೆ. ಮಾರನೆಯ ದಿನ ಮದ್ದೂರಿನಲ್ಲಿ ಏಳೆಂಟು ವರ್ಷದ ಹುಡುಗ ವಡೆ ತೆಗೆದುಕೊಳ್ಳಲು ಕಿಟಕಿಯ ಮೇಲೆ ಕೈ ಇಟ್ಟಿದ್ದ. ಗಾಡಿ ಹೊರಟ ಜರ್ಕಿಗೆ ಶಟರ್ ಕಳಚಿ ಬಿತ್ತು. ಎರಡು ಬೆರಳಿನ ಉಗುರು ಹೋದವು. ದೂರು ಡಿಪೋಗೆ ಬಂದಾಗ ಕೋಚ್ ನಂಬರ್ ನೋಡಿ ನನ್ನ ಎದೆ ಧಸಕ್ಕೆಂದಿತು. ಆ ತಾಯಿ ನನ್ನನ್ನು ಬೈಯಲಿಲ್ಲ, ಬೈಯಲು ನಾನು ಯಾರೆಂದು ಆಕೆಗೆ ಗೊತ್ತಿರಲಿಲ್ಲ. ಲಾಚಿನ ನಾಲಗೆ ಸವೆದು ದುಂಡಗಾಗಿದ್ದರೆ, ಸ್ಪ್ರಿಂಗ್ ಸೋತಿದ್ದರೆ, ನಿಂತ ಗಾಡಿಯಲ್ಲಿ ಅದು ಹಿಡಿದುಕೊಂಡೇ ಇರುತ್ತದೆ, ಓಡುವ ಗಾಡಿಯಲ್ಲಿ ಬಿಟ್ಟುಬಿಡುತ್ತದೆ. ಅಂದಿನಿಂದ ಶಟರ್ ಎತ್ತಿದ ಮೇಲೆ ಚೌಕಟ್ಟಿಗೆ ಅಂಗೈಯಿಂದ ಮೂರು ಸಲ ಗಟ್ಟಿಯಾಗಿ ಬಡಿಯದೆ ನಾನು ಯಾವ ಕಿಟಕಿಯನ್ನೂ ಪಾಸ್ ಮಾಡಲಿಲ್ಲ. ನೀನೂ ಹಾಗೇ ಮಾಡು. ಶಟರಿನ ಸಂದಿಗೆ ಮಡಿಸಿದ ಪೇಪರ್ ಸಿಕ್ಕಿಸಿದ್ದು ಕಂಡರೆ ಅದೂ ಒಂದು ದೂರು ಎಂದೇ ತಿಳಿ. ದಿನಾ ಓಡಾಡುವವರು ಬರೆದು ಕೊಡುವುದಿಲ್ಲ, ತಾವೇ ಏನೋ ಉಪಾಯ ಮಾಡಿಕೊಂಡು ಹೋಗುತ್ತಾರೆ.

ಕೆಂಪು ಬಣ್ಣದ ತುರ್ತು ಕಿಟಕಿಯನ್ನು ಪ್ರತಿ ಸಲವೂ ನೀನೇ ತೆಗೆದು ನೋಡಬೇಕು. ಬಣ್ಣದ ಮೇಲೆ ಬಣ್ಣ ಬಳಿದು ಅದು ಅಂಟಿಕೊಂಡಿರುತ್ತದೆ. ಸೀಟು ಹಿಡಿಯಲು ಅದರಲ್ಲೇ ನುಗ್ಗುವ ಹುಡುಗರಿಂದ ಸರಳು ಸೊಟ್ಟಗಾಗಿಯೂ ಇರುತ್ತದೆ. ನಿನ್ನ ಒಂದು ಕೈಗೆ ತೆರೆಯದಿದ್ದರೆ ಹೊಗೆ ತುಂಬಿದ ಕೋಚಿನಲ್ಲಿ ಒಬ್ಬ ಮುದುಕನಿಗೆ ತೆರೆದೀತೇ?

ಪೆರಂಬೂರಿನ ಕಾರ್ಖಾನೆ ಐಸಿಎಫ್ ವಿನ್ಯಾಸದ ಕೋಚು ಮಾಡುವುದನ್ನು 2018ರಲ್ಲಿ ನಿಲ್ಲಿಸಿತು, ಇನ್ನೇನು ಈ ಶಟರಿನ ಕಾಲ ಮುಗಿಯಿತು ಅನ್ನುವವರಿದ್ದಾರೆ. ಆ ಕೋಚಿನ ಆಯಸ್ಸಿನ ಲೆಕ್ಕ 25 ವರ್ಷ. ಇನ್ನೂ ಕೆಲವು ವರ್ಷ ಅವು ನಿನ್ನ ಕೈಗೆ ಬರುತ್ತಲೇ ಇರುತ್ತವೆ. ವಯಸ್ಸಾದ ಕೋಚು ಎಂದು ಉದಾಸೀನ ಮಾಡಬೇಡ. ಬೆಳಗಿನ ಗಾಡಿಯಲ್ಲಿ ಮಂಡ್ಯದಿಂದ ನಿಂತುಕೊಂಡೇ ಬರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಗಾಳಿ ಸಿಗುವುದು ಆ ಕಿಟಕಿಯಿಂದಲೇ.

ಹೊಸ ಕೋಚುಗಳ ಗುಣ ಬೇರೆ. ಎಲ್‌ಎಚ್‌ಬಿ ಕೋಚಿನ ಮೈ ಸ್ಟೇನ್‌ಲೆಸ್ ಸ್ಟೀಲು, ಅಷ್ಟು ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ, ನಿಜ. ಹಾಗೆಂದು ನೀರು ಒಳಗೆ ಬರಬಹುದೇ? ನೆಲದ ಹಲಗೆ ಉಬ್ಬುತ್ತದೆ, ವೈರಿನ ಜೋಡಣೆಗಳಿಗೆ ತೇವ ಹತ್ತುತ್ತದೆ. ಎಸಿ ಕೋಚಿನ ಕಿಟಕಿಯಲ್ಲಿ ಎರಡು ಗಾಜಿನ ನಡುವೆ ಜಾಗ ಬಿಟ್ಟು ಸುತ್ತಲೂ ಸೀಲ್ ಮಾಡಿರುತ್ತಾರೆ, ಅಂಚಿನ ಪಟ್ಟಿಯೊಳಗೆ ತೇವ ಹೀರುವ ಕಾಳು ತುಂಬಿರುತ್ತಾರೆ. ಸೀಲ್ ಬಿಟ್ಟರೆ ಆ ಕಾಳು ಸ್ವಲ್ಪ ದಿನ ತಡೆಯುತ್ತದೆ, ಆಮೇಲೆ ನಡುವೆ ಮಂಜು ಕಟ್ಟುತ್ತದೆ. ಅದನ್ನು ಒಳಗಿನಿಂದ ಒರೆಸಿದರೂ ಹೋಗದು, ಹೊರಗಿನಿಂದ ಒರೆಸಿದರೂ ಹೋಗದು. ಇಡೀ ಗಾಜಿನ ಯೂನಿಟ್ ಬದಲಾಯಿಸುವುದೊಂದೇ ದಾರಿ. ಮೊದಮೊದಲು ಈ ಮಂಜು ತಂಪು ಹೊತ್ತಿನಲ್ಲಿ ಕಂಡು, ಬಿಸಿಲು ಏರಿದಂತೆ ಮಾಯವಾಗುತ್ತದೆ. ಮಧ್ಯಾಹ್ನ ನೋಡಿ 'ಸರಿ ಇದೆ' ಎಂದು ಬರೆಯಬೇಡ, ಬೆಳಗಿನ ಜಾವ ಟಾರ್ಚ್ ಓರೆಯಾಗಿ ಹಿಡಿದು ನೋಡು. ಸುತ್ತಲಿನ ರಬ್ಬರಿಗೆ ಉಗುರು ಒತ್ತು. ಮೆತ್ತಗೆ ತಗ್ಗಿ ಮತ್ತೆ ಉಬ್ಬಿದರೆ ಜೀವ ಇದೆ. ಬಿರುಕು ಬಿಟ್ಟಿದ್ದರೆ, ಮೂಲೆಯಲ್ಲಿ ಸಂದಿ ಕಂಡರೆ, ಮಂಜು ಕಟ್ಟುವವರೆಗೆ ಕಾಯದೆ ಅಂದೇ ಬರೆ.

ತೊಳೆಯುವ ವಿಷಯದಲ್ಲಿ ನಿನ್ನ ಮಾತು ನಡೆಯುವುದು ಕಷ್ಟ, ಆದರೂ ಹೇಳು. ಗಾಜಿನ ಮೇಲಿನ ಕಂದು ಕಲೆ ಬ್ರೇಕಿನಿಂದ ಹಾರುವ ಪುಡಿ. ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪುಕಾಗದ ಉಜ್ಜಿದಂತೆಯೇ. ಮೊದಲು ಧಾರಾಳವಾಗಿ ನೀರು, ಆಮೇಲೆ ಮೆದು ಸಾಬೂನು ನೀರು, ಕೊನೆಗೆ ರಬ್ಬರ್ ವೈಪರ್, ಮೇಲಿನಿಂದ ಕೆಳಕ್ಕೆ. ಬೋರ್‌ವೆಲ್ ನೀರು ಬಿಸಿಲಿನಲ್ಲಿ ಗಾಜಿನ ಮೇಲೆಯೇ ಒಣಗಿದರೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ. ಬೇಗ ಹೋಗಲಿ ಎಂದು ಪ್ರಬಲವಾದ ಆಸಿಡ್ ಹಾಕಿದರೆ ಅಲ್ಯೂಮಿನಿಯಂ ಚೌಕಟ್ಟು ಕಪ್ಪಾಗಿ ಗುಳಿ ಬೀಳುತ್ತದೆ, ರಬ್ಬರೂ ಸಾಯುತ್ತದೆ. ಗಾಜಿನ ಬದಲು ಪಾಲಿಕಾರ್ಬೊನೇಟ್ ಹಾಕಿರುವ ಕಡೆ ಇನ್ನೂ ಜೋಪಾನ. ಬೆರಳಿನ ಗೆಣ್ಣಿನಿಂದ ತಟ್ಟು, ಗಾಜು ಕಣ್ ಅನ್ನುತ್ತದೆ, ಅದು ದಬ್ ಅನ್ನುತ್ತದೆ. ಅದಕ್ಕೆ ಥಿನ್ನರ್ ಸೋಕಲೇಬಾರದು.

ಕಲ್ಲೇಟಿನ ಗಾಜು ನಿನ್ನ ಮುಂದೆ ಆಗಾಗ ಬರುತ್ತದೆ. ಮೈಸೂರು–ಚೆನ್ನೈ ವಂದೇ ಭಾರತ್ 2022ರ ನವೆಂಬರಿನಲ್ಲಿ ಶುರುವಾದ ಕೆಲವೇ ತಿಂಗಳಲ್ಲಿ ಕಲ್ಲು ತಿಂದಿತು. ಲ್ಯಾಮಿನೇಟೆಡ್ ಗಾಜಾದರೆ ನಡುವಿನ ಪೊರೆ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಳಗೆ ಕೂತವರ ಕಣ್ಣು ಉಳಿಯುತ್ತದೆ. ಹಾಗೆಂದು ಟೇಪ್ ಅಂಟಿಸಿ ಮರೆಯಬೇಡ. ಬಿರುಕಿನ ತುದಿಗೆ ಮಾರ್ಕರಿನಲ್ಲಿ ಗೀಟು ಎಳೆದು ತಾರೀಖು ಹಾಕು, ಗೀಟು ದಾಟಿತೆಂದರೆ ಮೇಲಿನವರ ಹತ್ತಿರ ಜಗಳ ಮಾಡಿಯಾದರೂ ಬದಲಾಯಿಸು. ರೈಲಿನಲ್ಲಿರುವವರಿಗೆ ಪೆಟ್ಟಾಗಲೆಂದೇ ಕಲ್ಲೆಸೆದರೆ 1989ರ ರೈಲ್ವೆ ಕಾಯಿದೆಯ 152ನೇ ಕಲಮಿನಲ್ಲಿ ಜೀವಾವಧಿಯವರೆಗೂ ಶಿಕ್ಷೆ ಇದೆ. ಎಸೆಯುವ ಮಕ್ಕಳಿಗೆ ಅದು ಗೊತ್ತಿಲ್ಲ. ಹಳಿ ಪಕ್ಕದ ಶಾಲೆಗಳಿಗೆ ಆರ್‌ಪಿಎಫ್‌ನವರು ಹೋಗುವಾಗ ನೀನೂ ಒಂದು ಒಡೆದ ಗಾಜು ಹಿಡಿದುಕೊಂಡು ಹೋಗು. ಕೈಯಲ್ಲಿ ಹಿಡಿದು ನೋಡಿದ್ದನ್ನು ಮಕ್ಕಳು ಮರೆಯುವುದಿಲ್ಲ.

ಮುಂಗಾರು ಹಿಡಿಯುವ ಮೊದಲು ಒಂದು ರಜೆಯ ದಿನ ಊರಿಗೆ ಬಾ. ಆ ಕೊಕ್ಕೆ ತೆಗೆದಿಟ್ಟಿದ್ದೇನೆ. ಇಬ್ಬರೂ ಗಾಡಿ ಹತ್ತಿ ರಾಮನಗರದವರೆಗೆ ಹೋಗಿ ಬರೋಣ. ಸವೆದ ಲಾಚು ಓಡುವ ಗಾಡಿಯಲ್ಲಿ ಟಕಟಕ ಅನ್ನುವ ಸದ್ದೇ ಬೇರೆ. ಅದನ್ನು ಬರೆದು ತಿಳಿಸಲಾರೆ, ಪಕ್ಕದಲ್ಲಿ ಕೂತು ಕೇಳಿಸಬೇಕು.